ಹಲ್ಲಿಗೆ ಸಿಗದ ಶಾವಿಗೆ

ನಮ್ಮ ದೊಡ್ಡಮ್ಮ ಸುಮಿತ್ರಾ ಹಿರಿಯೂರು ತಾಲ್ಲೂಕಿನ ಆದಿವಾಲದವರು. 1991ರಲ್ಲಿ ಮದುವೆಯಾಗಿ ಬಾಗೂರಿನ ನಮ್ಮ ಮನೆಗೆ ಬಂದರು. ರೊಟ್ಟಿ, ಮುದ್ದೆ, ಹೋಳಿಗೆ ಎಲ್ಲದಕ್ಕೂ ಅವರ ಕೈ ಪಳಗಿತ್ತು. ಆದರೂ ಹನ್ನೊಂದು ವರ್ಷ ಶಾವಿಗೆ ಮಣೆ ಮುಟ್ಟಲು ಅವರಿಗೆ ಅವಕಾಶ ಸಿಗಲಿಲ್ಲ. ಅದು ಅವರ ಅತ್ತೆ, ಅಂದರೆ ನಮ್ಮಜ್ಜಿ ಕಾಟಮ್ಮನ ಸೊತ್ತು.

ಪ್ರತಿ ಸೋಮವಾರ ಸಂಜೆ ಅಜ್ಜಿ ಗೋಧಿ ಹಿಟ್ಟು ನಾದಿ, ಒರಳಲ್ಲಿ ಜಜ್ಜಿ, ಮಣೆಯ ಮೇಲೆ ಅಂಗೈಯಿಂದ ಹೊಸೆದು ದಾರದಂತೆ ಎಳೆ ಇಳಿಸುತ್ತಿದ್ದಳು. ಒಣಗಿಸದೆ, ಹಸಿಯಾಗಿಯೇ ಕುದಿಯುವ ಹುರುಳಿ ಸಾರಿಗೆ ಬಿಡುವುದು ನಮ್ಮ ಮನೆಯ ಪದ್ಧತಿ. ಬೆಂದ ಮೇಲೂ ಎಳೆ ಹಲ್ಲಿಗೆ ಸಿಗಬೇಕು, ಅಗಿದು ತಿನ್ನುವಂತಿರಬೇಕು. ಹೇಗೆ ಮಾಡ್ತೀಯ ಎಂದು ಕೇಳಿದವರಿಗೆ ಅಜ್ಜಿ ತನ್ನ ಬಲಗೈ ಎತ್ತಿ ತೋರಿಸುತ್ತಿದ್ದಳು.

2002ರಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಆ ಕೈಯ ಮಣಿಕಟ್ಟನ್ನೇ ಮುರಿದುಕೊಂಡಳು. ಮೂಳೆ ಕೂಡಿತು, ಬಲ ಬರಲಿಲ್ಲ. ಮಣೆ ದೊಡ್ಡಮ್ಮನ ಪಾಲಿಗೆ ಬಂತು. ಅದೇ ಬೇಸಿಗೆಯಲ್ಲಿ ಮನೆ ಮುಂದೆ ನಲ್ಲಿಯೂ ಬಂತು. ಅಲ್ಲಿಯವರೆಗೆ ಹಿತ್ತಲ ಬಾವಿಯ ಸವಳು ನೀರೇ ಎಲ್ಲಕ್ಕೂ. ಅದರಲ್ಲಿ ಬೇಳೆಕಾಳು ಬೇಯುವುದಿಲ್ಲವೆಂದು ಕುಡಿಯಲು, ಸಾರಿಗೆ ಮಾತ್ರ ದೂರದಿಂದ ಸಿಹಿನೀರು ಹೊತ್ತು ತರುತ್ತಿದ್ದರು. ನಲ್ಲಿ ಬಂದ ಮೇಲೆ ಬಾವಿ ಎಮ್ಮೆ ತೊಳೆಯುವುದಕ್ಕಷ್ಟೇ ಉಳಿಯಿತು.

ದೊಡ್ಡಮ್ಮನ ಮೊದಲ ಶಾವಿಗೆ ಸಾರಿನಲ್ಲಿ ಕರಗಿ ಅಂಬಲಿಯಾಯಿತು. ಅಜ್ಜಿ ಎರಡು ತುತ್ತು ತಿಂದು ತಟ್ಟೆ ಸರಿಸಿದಳು. ಮುಂದಿನ ವಾರ ಹಿಟ್ಟು ಗಟ್ಟಿ ಮಾಡಿದರೆ ಎಳೆ ತುಂಡು ತುಂಡಾಯಿತು. ಗೋಧಿ ಬದಲಿಸಿದರು, ರವೆ ಬೆರೆಸಿದರು, ತೋಳು ಬಿದ್ದುಹೋಗುವಷ್ಟು ಜಜ್ಜಿದರು. ಪಕ್ಕದ ಮನೆಯ ಬರಗೇರಮ್ಮ ಹೇಳಿದಳೆಂದು ಎಣ್ಣೆ ಹಾಕಿದರೆ ಹಿಟ್ಟು ಮಣೆ ಮೇಲೆ ನಿಲ್ಲದೆ ಜಾರಿತು. ಮಂಚದ ಮೇಲೆ ಕೂತ ಅಜ್ಜಿ ಎಲ್ಲವನ್ನೂ ನೋಡುವಳು, ಏನು ತಪ್ಪಾಯಿತೆಂದು ಮಾತ್ರ ಹೇಳಳು. ಕೇಳಿದರೆ ಒಂದೇ ಮಾತು: “ಅದು ಕೈಗೆ ಬರ್ಬೇಕು ಕಣೆ. ಹೇಳಿದ್ರೆ ಬರಲ್ಲ.”

ದೊಡ್ಡಮ್ಮನಿಗೆ ಒಂದೇ ಹಟ, ಅತ್ತೆಯ ತಟ್ಟೆ ಒಮ್ಮೆಯಾದರೂ ಖಾಲಿಯಾಗಬೇಕು. ಒಂದು ಸಲ ಸಿಟ್ಟು ತಡೆಯಲಾಗದೆ ನಾದಿದ ಹಿಟ್ಟನ್ನೆಲ್ಲ ಕಲಗಚ್ಚಿಗೆ ಎಸೆದರು. ಆಮೇಲೆ ತಾವೇ ಕೂತು ಮತ್ತೆ ಹಿಟ್ಟು ಜರಡಿ ಹಿಡಿದರು.

ಹೀಗೆ ಎರಡು ವರ್ಷ ಕಳೆಯಿತು. ಒಂದು ಸೋಮವಾರ ಊರಿನ ಬೋರಿನ ಮೋಟಾರು ಸುಟ್ಟು ನಲ್ಲಿ ಬರಲಿಲ್ಲ. ಇದ್ದ ಒಂದು ಕೊಡ ಸಿಹಿನೀರು ಕುಡಿಯಲಿಕ್ಕೆ, ಸಾರಿಗೆ ಬೇಕು. ಹೇಗೂ ಕೆಡುವ ಶಾವಿಗೆಗೆ ಯಾವ ನೀರಾದರೇನು ಎಂದು ಗೊಣಗುತ್ತ ದೊಡ್ಡಮ್ಮ ಬಾವಿ ನೀರು ಸೇದಿ ನಾದಿದರು. ಹಿಟ್ಟು ಅಂಗೈ ಕೆಳಗೆ ರಬ್ಬರಿನಂತೆ ಹಿಂದಕ್ಕೆಳೆಯಿತು. ಎಷ್ಟು ಉದ್ದ ಹೊಸೆದರೂ ಎಳೆ ಹರಿಯಲಿಲ್ಲ.

ಅಜ್ಜಿ ಒಂದು ತುತ್ತು ಅಗಿದು ತಲೆದೂಗಿದಳು. “ಬಂತು ನೋಡು ಕೈ. ಇಷ್ಟು ವರ್ಷ ನನ್ನ ನೋಡಿದ್ದು ದಂಡ ಆಗ್ಲಿಲ್ಲ.”

ದೊಡ್ಡಮ್ಮ ಸುಮ್ಮನಿದ್ದಿದ್ದರೆ ಆ ತಟ್ಟೆ ಖಾಲಿಯಾಗುತ್ತಿತ್ತು. ಎರಡು ವರ್ಷದ ಸಂಕಟ ಸುಮ್ಮನಿರಲು ಬಿಡಲಿಲ್ಲ.

“ಕೈ ಅಲ್ಲ ಅತ್ತೆ, ನೀರು. ನಲ್ಲಿ ಬಂದಿಲ್ಲ ಅಂತ ಬಾವಿ ನೀರಾಗೆ ನಾದಿದ್ದೆ. ಸವಳಿಗೆ ಗಟ್ಟಿ ಆಗೈತೆ.”

ಅಜ್ಜಿ ಅಗಿಯುವುದನ್ನು ನಿಲ್ಲಿಸಿದಳು. “ಎಮ್ಮೆ ತೊಳಿಯೋ ನೀರು ಹಾಕಿದೀಯೇನೇ ನಂಗೆ?”

“ನೀವೂ ಅದನ್ನೇ ಹಾಕ್ತಿದ್ರಲ್ರಿ.”

“ಆಗ ಅದು ಮನೆ ಬಾವಿ ನೀರು.”

ತಟ್ಟೆ ಅರ್ಧಕ್ಕೇ ನಿಂತಿತು. ಮುಂದಿನ ಸೋಮವಾರಕ್ಕೆ ನಲ್ಲಿ ಸರಿಯಾಗಿತ್ತು. ಹಿಟ್ಟು ನಾದುವಾಗ ಅಜ್ಜಿ ಮಂಚದಿಂದಿಳಿದು ಬಂದು, ಯಾವ ಕೊಡದ ನೀರೆಂದು ನೋಡಿಕೊಂಡು ಹೋದಳು. ಶಾವಿಗೆ ಎಂದಿನಂತೆ ಸಾರಿನಲ್ಲಿ ಕರಗಿತು. ಅಜ್ಜಿ ಅದನ್ನು ಒಂದೊಂದು ತುತ್ತೂ ಬಹಳ ಹೊತ್ತು ಅಗಿದು ನುಂಗಿದಳು, ಅಗಿಯಲು ಅದರಲ್ಲಿ ಏನೂ ಇರಲಿಲ್ಲ. ಕೊನೆಗೆ ಬೆರಳಿನಿಂದ ಬಳಿದು, ಖಾಲಿ ತಟ್ಟೆಯನ್ನು ಸೊಸೆಯ ಕಡೆ ಚಾಚಿದಳು.