ಖಾನಾಪುರದ ಹಂಚು, ಸಾಲುಗಟ್ಟಿದ ಪ್ರಶ್ನೆಗಳು

ಆ ಕಾಲಕ್ಕೆ ನಮ್ಮ ಕಂಪ್ಯೂಟರುಗಳಲ್ಲಿ ಕನ್ನಡ ಇರಲಿಲ್ಲ. ಕನ್ನಡದ ವೇಷ ಇತ್ತು. ಒಳಗಿದ್ದವು ನೆತ್ತಿಯ ಮೇಲೆ ಚುಕ್ಕೆ, ಬುಡಕ್ಕೆ ಬಾಲ ಇದ್ದ ಯುರೋಪಿನ ಅಕ್ಷರಗಳು. ಫಾಂಟು ಅವಕ್ಕೆ ನಮ್ಮ ತಲೆಕಟ್ಟು ತೊಡಿಸಿ ಕೂರಿಸುತ್ತಿತ್ತು. ಬೆಳಗಾವಿಯಲ್ಲಿ ವೆಬ್ ಪುಟ ಮಾಡಿಕೊಡುವ ಅಂಗಡಿ ಇಟ್ಟಿದ್ದ ನಾನು ಈ ವೇಷಧಾರಿಗಳನ್ನೇ ನಂಬಿ ಉಣ್ಣುತ್ತಿದ್ದೆ.

ಖಾನಾಪುರದ ಹಂಚಿನ ಕಾರ್ಖಾನೆಯೊಂದಕ್ಕೆ ನಾನು ಮಾಡಿದ ಪುಟಕ್ಕೆ ಉದ್ಘಾಟನೆ ನಿಗದಿಯಾಯಿತು. ಹಂಚಿಗೆ ವೆಬ್ ಪುಟ ಏಕೆಂದು ಕೇಳಬೇಡಿ. ಮಾಲೀಕರ ಬೀಗರು ಪುಣೆಯಲ್ಲಿ ಒಂದು ಮಾಡಿಸಿದ್ದರು. ನಾನು ಮಾಡಿದ್ದರಲ್ಲಿ ಮೇಲೆ ಕನ್ನಡ, ಕೆಳಗೆ ಮರಾಠಿ, ಎರಡೂ ಒಂದೇ ಅಳತೆ. ನಮ್ಮ ಕಡೆ ಬೋರ್ಡಿನ ಮೇಲೆ ಒಂದು ಭಾಷೆ ಬೆರಳಗಲ ಕಡಿಮೆಯಾದರೂ ಅಂಗಡಿಯ ಗಾಜು ಕಲ್ಲೇಟಿನಿಂದ ಉಳಿಯುವ ಭರವಸೆ ಇರಲಿಲ್ಲ. ಮರಾಠಿ ಫಾಂಟು ನನ್ನಲ್ಲಿ ಇರಲಿಲ್ಲವಾದ್ದರಿಂದ ಆ ಸಾಲುಗಳನ್ನು ಪೇಂಟರನಿಂದ ಬರೆಸಿ, ಸ್ಕ್ಯಾನ್ ಮಾಡಿ, ಚಿತ್ರವಾಗಿ ಅಂಟಿಸಿದ್ದೆ.

ಅಂದು ಬೆಳಗ್ಗೆ ಕಂಪ್ಯೂಟರನ್ನು ಟೆಂಪೋದಲ್ಲಿ ಒಯ್ದು ಕಾರ್ಖಾನೆಯ ಆಫೀಸಿನಲ್ಲಿ ಜೋಡಿಸಿದೆ. ಪುಟ ತುಸು ಕೆಂಪಾಗಲಿ ಎಂದರು ಮಾಲೀಕರು. ಎಂದಿನಂತೆ ನೋಟ್‌ಪ್ಯಾಡಿನಲ್ಲಿ ತಿದ್ದುವುದು ಬಿಟ್ಟು, ಹೊಸದಾಗಿ ಹಾಕಿಕೊಂಡಿದ್ದ ಘನ ತಂತ್ರಾಂಶದಲ್ಲಿ ಪುಟವಿದ್ದ ಫ್ಲಾಪಿ ತೆರೆದು, ಬಣ್ಣ ಬದಲಿಸಿ, ಸೇವ್ ಒತ್ತಿದೆ. ಆ ಮಹಾನುಭಾವನಿಗೆ ಶುದ್ಧ ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆಯವರ ಪರಿಚಯವಿರಲಿಲ್ಲ. ಗುರುತು ಸಿಗದ ಪ್ರತಿಯೊಬ್ಬರ ಜಾಗದಲ್ಲೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ನಿಲ್ಲಿಸಿ ಕೈ ತೊಳೆದುಕೊಂಡ.

ಮೇಲೆ ಸಾಲು ಸಾಲು ಪ್ರಶ್ನೆಗಳು. ಕೆಳಗೆ ಚಿತ್ರವಾಗಿದ್ದ ಮರಾಠಿ, ಫಳಫಳ ಹೊಳೆಯುತ್ತ.

ಇದ್ದದ್ದು ಅದೊಂದೇ ಪ್ರತಿ. ಮತ್ತೆ ಟೈಪ್ ಮಾಡೋಣವೆಂದರೆ, ಕನ್ನಡದ ತಂತ್ರಾಂಶ ನಡೆಯಲು ಕಂಪ್ಯೂಟರಿನ ಹಿಂದೆ, ಕಳ್ಳ ಪ್ರತಿ ತಡೆಯಲೆಂದು ಕೊಟ್ಟ, 'ಬೀಗ'ವೆಂಬ ಪುಟ್ಟ ಪ್ಲಗ್ಗು ಸಿಕ್ಕಿಸಬೇಕು. ಅದು ಬೆಳಗಾವಿಯಲ್ಲಿ, ನನ್ನ ಡ್ರಾದಲ್ಲಿ. ಹೊರಗೆ ಜೀಪು ನಿಂತ ಸದ್ದಾಯಿತು. ಎರಡೂ ಭಾಷೆಯ ಮುಖಂಡರಿಗೆ ಆಮಂತ್ರಣವಿತ್ತು. ಆಫೀಸಿನ ಕಿಟಕಿಯ ಗಾಜು ಎಷ್ಟು ತೆಳ್ಳಗಿದೆಯೆಂದು ನನಗೆ ಕಂಡದ್ದು ಆಗಲೇ.

"ಕಾಕಾ, ಕನ್ನಡ ಹೋತ್ರಿ," ಎಂದೆ ಮಾಲೀಕರಿಗೆ.

"ಎಲ್ಲಿಗೆ ಹೋತು?"

"ಅಳಿಸಿ ಹೋತ್ರಿ. ಮರಾಠಿ ಅಷ್ಟ ಉಳದೈತಿ."

ಅವರ ಮುಖ ಹಸಿ ಮಣ್ಣಿನ ಬಣ್ಣಕ್ಕೆ ತಿರುಗಿತು. "ಸತ್ವಿ ಬಿಡು! ಇವತ್ತ ಭಟ್ಟಿಗೆ ನಾವು ಬೆಂಕಿ ಹಚ್ಚೂದು ಬ್ಯಾಡ, ಅವರ ಹಚ್ಚತಾರ."

ಮುಖಂಡರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಕಾಕಾ ನನ್ನ ಕಿವಿಗೆ ಬಾಗಿದರು. "ಅದನ್ನೂ ತಗೀ ತಮ್ಮಾ."

"ಯಾವುದನ್ರಿ?"

"ಮರಾಠಿನ ಪಾ! ಯಾರಿಗೂ ಏನೂ ಬ್ಯಾಡ."

ಪ್ರಶ್ನೆಗಳನ್ನೂ ಮರಾಠಿಯನ್ನೂ ತೆಗೆದೆ. ಕೆಂಪು ಪುಟದ ನಡುವೆ ಒಂದು ಹಂಚಿನ ಫೋಟೋ ಮಾತ್ರ ಉಳಿಯಿತು. ಮುಖಂಡರು ಎಡಕ್ಕೊಂದು ಗುಂಪು, ಬಲಕ್ಕೊಂದು ಗುಂಪಾಗಿ ಕುಳಿತರು. ಹಿರಿಯರೊಬ್ಬರು ಚಷ್ಮಾ ಏರಿಸಿ ಪರದೆಗೆ ಮೂಗು ತಾಗಿಸಿದರು.

"ಬರದದ್ದು ಏನೂ ಕಾಣವಲ್ದಲ್ರೀ?"

"ಮೊದಲ ಹಂಚ ನೋಡ್ರಿ," ಎಂದರು ಕಾಕಾ. "ಚಾ ಬಂತು."

ಎಡದವರು ಬಲದವರನ್ನು ನೋಡಿದರು, ಬಲದವರು ಎಡದವರನ್ನು. ಆಚೆಯವರಿಗೂ ಏನೂ ಸಿಕ್ಕಿಲ್ಲವೆಂದು ಖಾತ್ರಿಯಾದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಮರಳುವಾಗ ತೊಡೆಯ ಮೇಲೆ ಮಾನಿಟರ್ ಇಟ್ಟುಕೊಂಡು ಕುಳಿತಿದ್ದೆ. ಟೆಂಪೋ ಗುಂಡಿಗೆ ಇಳಿದು ಕಿಟಕಿಯ ಗಾಜು ಗಡಗಡಿಸಿದಾಗಲೆಲ್ಲ, ಬೆಳಗಾವಿ ಮುಟ್ಟುವತನಕ, ತಲೆ ತಗ್ಗಿಸಿದೆ.