ಸೂಜಿಮಲ್ಲಿಗೆಯ ಮೊದಲ ದಿನ

ನರ್ಸಿಂಗ್ ಶಾಲೆಯಲ್ಲಿ ಗೆಳತಿಯರು ಅವಳಿಗೆ ಸೂಜಿಮಲ್ಲಿಗೆ ಎಂದು ಹೆಸರಿಟ್ಟಿದ್ದರು. ಅವಳು ಚುಚ್ಚಿದ ಸೂಜಿ ಯಾರಿಗೂ ನೋಯುತ್ತಿರಲಿಲ್ಲ. ಓದು ಮುಗಿದೊಡನೆ ಸೇನೆಯ ನರ್ಸ್ ಆಗುತ್ತೇನೆಂದು ಹಟ ಹಿಡಿದಾಗ ಅಮ್ಮ ಮುನಿಸಿಕೊಂಡು ಮಾತು ಬಿಟ್ಟಳು. ಕೊನೆಗೆ ತಾನೇ ಬಟ್ಟೆಬರೆ ಕಟ್ಟಿಕೊಟ್ಟಳು.

ಗಡಿಯ ಡೇರೆ ಆಸ್ಪತ್ರೆ ಸೇರಿದ ಮೊದಲ ದಿನವೇ ಲಾರಿ ತುಂಬ ಗಾಯಾಳುಗಳು ಬಂದರು. ಅವಳ ಪಾಲಿಗೆ ಸಿಕ್ಕ ಸೈನಿಕನ ಮೈಯಿಂದ ರಕ್ತವೆಲ್ಲ ಬಸಿದುಹೋಗಿತ್ತು. ಡ್ರಿಪ್ ಹಾಕಲು ಎರಡೂ ತೋಳುಗಳಲ್ಲಿ ತಡಕಿದರೂ ನರ ಸಿಗಲಿಲ್ಲ.

“ಚುಚ್ಚಿ ಚುಚ್ಚಿ ಜರಡಿ ಮಾಡ್ಬಿಟ್ರಲ್ಲ ಸಿಸ್ಟರ್,” ಎಂದು ಅವನು ನಗಲು ನೋಡಿದ.

“ಇನ್ನೊಂದೇ ಒಂದ್ಸಲ ತಡ್ಕೊಳ್ಳಪ್ಪ,” ಎಂದಳು.

ಡಾಕ್ಟರು ಬಂದು ಅವನ ಹೊಟ್ಟೆಯ ಗಾಯ ನೋಡಿದರು. ಅವಳ ಕಿವಿಯ ಬಳಿ ಬಗ್ಗಿ, “ಇವನನ್ನ ಬಿಡಮ್ಮ. ಪಕ್ಕದವನನ್ನ ನೋಡು, ಅವನು ಉಳೀತಾನೆ,” ಎಂದರು.

“ಸರ್, ಇವನು ಮಾತಾಡ್ತಿದ್ದಾನೆ!”

“ಗೊತ್ತು. ಹೋಗು.”

ಅವಳು ಹೋದಳು. ಪಕ್ಕದವನ ತೊಡೆಯ ಗಾಯವನ್ನು ಎರಡೂ ಕೈಗಳಿಂದ ಒತ್ತಿ ಹಿಡಿದಳು. ಕೈ ತೆಗೆದರೆ ರಕ್ತ ಚಿಮ್ಮುತ್ತಿತ್ತು. ಬೆನ್ನ ಹಿಂದಿನಿಂದ ದನಿ ಕೇಳಿಸಿತು. “ಸಿಸ್ಟರ್, ಹೋಗ್ಬಿಟ್ರಾ?”

“ಇಲ್ಲೇ ಇದ್ದೀನಪ್ಪಾ, ಬಂದೆ,” ಎಂದಳು, ತಿರುಗಲಾಗದೆ. ಅವನು ಮತ್ತೆ ಕರೆದ. ಅವಳು ಮತ್ತೆ ಬಂದೆ ಎಂದಳು. ಆಮೇಲೆ ಅವನು ಕರೆಯಲಿಲ್ಲ.

ಅವಳು ಕೈ ತೆಗೆಯುವ ಹೊತ್ತಿಗೆ ಯಾರೋ ಅವನ ಮುಖದ ಮೇಲೆ ಹೊದಿಕೆ ಎಳೆದಿದ್ದರು.

ಸಂಜೆ ಅಮ್ಮ ಫೋನ್ ಮಾಡಿ, “ಮೊದಲ್ನೇ ದಿನ ಹೇಗಿತ್ತೇ?” ಎಂದು ಕೇಳಿದಳು.

“ಒಬ್ಬ ಉಳ್ಕೊಂಡ ಅಮ್ಮಾ,” ಎಂದಳು. ಇನ್ನೊಬ್ಬನ ಮಾತೆತ್ತದೆ ಫೋನ್ ಇಟ್ಟಳು.