ಸಕ್ಕರೆ ಅತ್ತೆಯದು, ಫೋನು ನಾದಿನಿಯದು

ಅತ್ತೆಯ ಸಕ್ಕರೆ ಕಾಯಿಲೆಯನ್ನು ಇಷ್ಟು ವರ್ಷ ನೋಡಿಕೊಂಡವಳು ನಾನು. ಯಡಿಯೂರಿನ ನಮ್ಮ ಮನೆಯಲ್ಲಿ ಅವರಿಗೆಂದೇ ಸಣ್ಣ ಮುದ್ದೆ ಕಟ್ಟುವವಳು, ಮಾತ್ರೆ ಮರೆತರೆ ಗದರುವವಳು, ಕಾಲ್ಬೆರಳಿನ ಹುಣ್ಣಿಗೆ ದಿನವೂ ಮುಲಾಮು ಹಚ್ಚುವವಳು. ಹುಣ್ಣು ಒಣಗದಿದ್ದಾಗ ಜಯನಗರದ ಡಾಕ್ಟರು ಸಕ್ಕರೆ ಇಳಿಯದೇ ಹೋದರೆ ಬೆರಳನ್ನೇ ತೆಗೆಯಬೇಕಾಗುತ್ತದೆ ಎಂದರು. ಅತ್ತೆಯ ತೋಳಿಗೆ ಸಕ್ಕರೆ ಅಳೆಯುವ, ನಾಣ್ಯದಷ್ಟು ಅಗಲದ ಸೆನ್ಸರ್ ಅಂಟಿಸಿದರು.

"ಶುಗರ್ ಏರಿದ್ರೆ ನಮಗೂ ಗೊತ್ತಾಗತ್ತೆ, ಮನೆಯವರಲ್ಲಿ ಒಬ್ಬರ ಮೊಬೈಲಿಗೂ ಮೆಸೇಜ್ ಹೋಗತ್ತೆ. ಯಾರ ನಂಬರ್ ಹಾಕ್ಲಿ ಅಜ್ಜಿ?" ಎಂದು ನರ್ಸ್ ಕೇಳಿದಳು. ಪಕ್ಕದಲ್ಲೇ ಚೀಲ ಹಿಡಿದು ನಿಂತಿದ್ದೆ. ಅತ್ತೆ ನನ್ನ ಮುಖ ಕೂಡ ನೋಡದೆ ಅರೆಕೆರೆಯ ಮಗಳ ನಂಬರನ್ನು ಒಂದೇ ಉಸಿರಿಗೆ ಹೇಳಿದರು.

ಈ ನಾದಿನಿ ಅದುವರೆಗೆ ಭಾನುವಾರಕ್ಕೊಮ್ಮೆ ಫೋನ್ ಮಾಡಿದರೆ ಹೆಚ್ಚು. ಬಾ ಎಂದರೆ ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನ ಪುರಾಣ ಶುರು. ಈಗ ನೋಡಿ, ವಾರಕ್ಕೆ ಮೂರು ನಾಲ್ಕು ಸಂಜೆ ಫೋನಿನಲ್ಲಿ ಅವಳದೇ ದರ್ಬಾರು.

"ಅತ್ತಿಗೆ, ಅಮ್ಮಂಗೆ ಏನ್ ಕೊಟ್ರಿ? ಶುಗರ್ ಮತ್ತೆ ಏರಿದೆ."

"ರಾಗಿ ಅಂಬಲಿ ಕೊಟ್ಟೆ ಕಣಮ್ಮ."

"ಸ್ವಲ್ಪ ಗಮನ ಇಟ್ಟು ನೋಡ್ಕೊಳ್ಳಿ ಅತ್ತಿಗೆ."

ಅಬ್ಬಾ, ಏನು ಗತ್ತು! ಆಮೇಲೆ ಅಮ್ಮ ಮಗಳ ಮಾತು ಅರ್ಧ ಗಂಟೆ. ಅತ್ತೆ ಕಿಲಕಿಲ ನಗುತ್ತಿದ್ದರು. ನನ್ನೊಂದಿಗೆ ಅವರದು "ಸಾರಿಗೆ ಉಪ್ಪು ಹಾಕಿದೀಯಾ" ಎಂಬಷ್ಟೇ ಮಾತು. ಅಡುಗೆಮನೆಯಲ್ಲಿ ನಾನು ಪಾತ್ರೆಗಳನ್ನು ಬೇಕೆಂದೇ ಕುಕ್ಕುತ್ತಿದ್ದೆ.

ಸಕ್ಕರೆ ಏರುತ್ತಿರುವುದೇಕೆ ಎಂದು ದಿಂಬಿನಡಿ, ಬೀರುವಿನೊಳಗೆ ಎಲ್ಲ ಹುಡುಕಿದೆ, ಒಂದು ಬಿಸ್ಕತ್ತೂ ಸಿಗಲಿಲ್ಲ. ಹುಡುಕದೆ ಬಿಟ್ಟಿದ್ದು ದೇವರ ಕೋಣೆಯೊಂದೇ. ಅತ್ತೆ ಸಂಜೆ ಲಿಂಗಪೂಜೆಗೆ ಕೂತರೆ ಯಾರೂ ಒಳಗೆ ಹೋಗುವುದಿಲ್ಲ, ಮಾತಾಡಿಸುವುದೂ ಇಲ್ಲ. ಅದು ಮೊದಲಿನಿಂದ ಬಂದ ಪದ್ಧತಿ.

ಒಂದು ಸಂಜೆ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಪೂಜೆ ಮುಗಿಸಿದ ಅತ್ತೆ, ನೈವೇದ್ಯಕ್ಕಿಟ್ಟ ನಿಂಬೆಹಣ್ಣಿನ ಗಾತ್ರದ ಬೆಲ್ಲವನ್ನು ಪೂರ್ತಿ ಬಾಯಿಗೆ ಹಾಕಿಕೊಂಡು ಬೆರಳು ಚೀಪಿದರು. ಹೊರಗೆ ಬಂದು ದಿವಾನದ ಮೇಲೆ ಕೂತು ಕನ್ನಡಕ ಒರೆಸಿಕೊಂಡರು. ಮೊಬೈಲನ್ನು ಮಡಿಲಲ್ಲಿಟ್ಟು ಅದರ ಮೇಲೆ ಕೈ ಇಟ್ಟರು. ಮಗಳ ಫೋನ್ ಇನ್ನೂ ಬಂದಿರಲಿಲ್ಲ. ಅದು ಬರುವ ತನಕ ಕೈ ತೆಗೆಯಲಿಲ್ಲ.

ಮಾತು ಮುಗಿದ ಮೇಲೆ ನಾನು ಎದುರಿಗೆ ಹೋಗಿ ನಿಂತೆ. "ಅತ್ತೆ, ಬೇಕೂಂತ್ಲೇ ತಿಂತಿದೀರಲ್ಲ?"

"ಪ್ರಸಾದ ಬೇಡ ಅನ್ನಕ್ಕಾಗತ್ತಾ?"

"ಪ್ರಸಾದ ಅಷ್ಟು ದಪ್ಪ ಇರತ್ತಾ? ಬೆರಳು ಹೋಗತ್ತೆ ಅಂತ ಡಾಕ್ಟ್ರು ಹೇಳಿಲ್ವಾ?"

ಅತ್ತೆ ಸೆರಗಿನ ಅಂಚನ್ನು ಸುತ್ತುತ್ತಾ ಕೂತರು. ಕೊನೆಗೆ ಮೆಲ್ಲಗೆ, "ಶುಗರ್ ಏರದಿದ್ರೆ ಅವಳು ಫೋನ್ ಮಾಡಲ್ಲ ಕಣೇ" ಎಂದರು.

"ಮಾತಾಡಕ್ಕೆ ನಾನಿಲ್ವಾ?" ನನಗೇ ತಿಳಿಯದಂತೆ ದನಿ ಏರಿತ್ತು.

"ನೀನು ಇದ್ದೇ ಇದೀಯಲ್ಲ. ನಿನ್ನ ಕರೆಯಕ್ಕೆ ಬೆಲ್ಲ ತಿನ್ನಬೇಕಾ?"

ಅದು ಹೊಗಳಿಕೆಯೋ ತೆಗಳಿಕೆಯೋ ಇವತ್ತಿಗೂ ತೀರ್ಮಾನಕ್ಕೆ ಬಂದಿಲ್ಲ. ಆವತ್ತು ಮಾತ್ರ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಕಣ್ಣೊರೆಸಿಕೊಂಡು ನಾದಿನಿಗೆ ಫೋನ್ ಮಾಡಿದೆ.

"ಇನ್ಮೇಲೆ ದಿನಾ ಸಂಜೆ ಅಮ್ಮನ ಪೂಜೆಗೆ ಮುಂಚೆ ಫೋನ್ ಮಾಡು. ಶುಗರ್ ಏರಲಿ ಬಿಡಲಿ."

"ಯಾಕೆ ಅತ್ತಿಗೆ, ಏನಾಯ್ತು?"

ನಿನ್ನ ದನಿ ಕೇಳುವುದಕ್ಕಾಗಿ ನಿಮ್ಮಮ್ಮ ಕಾಲಿನ ಬೆರಳನ್ನೇ ಕಳೆದುಕೊಳ್ಳಲು ಹೊರಟಿದ್ದಾರೆ ಎಂದು ಹೇಳಬಹುದಿತ್ತು. ಬಾಯಿ ಬರಲಿಲ್ಲ. ದಿನದ ಅರ್ಧ ಗಂಟೆಯನ್ನು ಅವಳಿಗೆ ಬಿಟ್ಟುಕೊಟ್ಟಿದ್ದೆ, ಅಷ್ಟು ಸಾಕು. ಅವಳ ಮೇಲೆ ಅವರಿಗೆ ಎಷ್ಟು ಜೀವವಿದೆ ಎಂಬುದನ್ನೂ ನಾನೇ ಹೇಳಬೇಕೇ?

"ಏನಿಲ್ಲ, ಸುಮ್ನೆ ಮಾಡು" ಎಂದು ಫೋನ್ ಇಟ್ಟೆ.